ಐಸು ಕುಡಿಯುವ ಗಾಡಿ

"ಮೊದಲು ನಿಮ್ಮ ತಲೆ ಕಾಯೋದು ನಿಲ್ಲಲಿ ಭಾವ, ಆಮೇಲೆ ಗಾಡಿ ಕಾಯೋದರ ಮಾತಾಡೋಣ."

"ನನ್ನ ತಲೆ ಸುದ್ದಿಗೆ ಬರಬೇಡ. ನಿನ್ನ ಕೈಗೆ ಗಾಡಿ ಕೊಟ್ಟೆನಲ್ಲ, ಆವತ್ತು ಅದು ನೆಟ್ಟಗಿರಲಿಲ್ಲ. ಒಪ್ಪಿಕೊಳ್ತೀನಿ."

"ಕೊಟ್ಟಿದ್ದೆಲ್ಲಿ ಬಂತು? ದಾರೀಲಿ ಹೋಗೋರೆಲ್ಲ ಸೇರಿ ತಳ್ಳಿಕೊಂಡು ಬಂದ್ರು. ನೀವು ಹಿಂದೆ ಬೈಕೊಂಡು ಬಂದ್ರಿ."

"ಬೈದೆ. ಇನ್ನೂ ಬೈತೀನಿ. ನೀನು ಬೆಲ್ಟು ಅಂದೆ, ನಾನು ಹೊಸ ಬೆಲ್ಟು ತಂದುಕೊಟ್ಟೆ. ಥರ್ಮೋಸ್ಟಾಟ್ ಅಂದೆ, ಅದನ್ನ ಕಿತ್ತು ಬಿಸಾಡ್ದೆ, ನಾನು ಬಾಯಿ ಮುಚ್ಚಿಕೊಂಡಿದ್ದೆ. ವಾಟರ್ ಪಂಪ್ ಅಂದೆ, ಅದೂ ಆಯ್ತು. ಇನ್ನು ಹಳೇದು ಅಂತ ಉಳಿದಿರೋದು ಡ್ರೈವರ್ ಒಬ್ಬ. ಅವನನ್ನೂ ಬದಲಾಯಿಸ್ತೀಯೇನೋ?"

"ಅದನ್ನೇ ಮೊದಲು ಮಾಡಬೇಕಿತ್ತು."

ಗ್ಯಾರೇಜಿನ ಬಾಗಿಲಲ್ಲಿ ನಿಂತು ಐಸಕ್ಕ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬೈಗುಳ ಅವಳಿಗೆ ಹೊಸದಲ್ಲ. ಬೈಯುತ್ತಿದ್ದವನು ಗಂಡ, ಬೈಸಿಕೊಳ್ಳುತ್ತಿದ್ದವನು ಒಡಹುಟ್ಟಿದ ತಮ್ಮ. ಒಬ್ಬನಿಗೆ ಮೂಗಿನ ತುದಿಯಲ್ಲಿ ಕೋಪ, ಇನ್ನೊಬ್ಬನಿಗೆ ನಾಲಿಗೆಯ ತುದಿಯಲ್ಲಿ ಕುಚೋದ್ಯ. ಈ ಎರಡು ತುದಿಗಳ ನಡುವೆ ಅವಳ ಸಂಸಾರ ಇಷ್ಟು ವರ್ಷ ಹೇಗೋ ತೂಗಾಡಿಕೊಂಡು ಬಂದಿತ್ತು.

ಗಂಡ ಕಾರ್ಖಾನೆಯಿಂದ ಮೀನು ಮಾರುಕಟ್ಟೆಗೆ ಐಸ್ ಗಟ್ಟಿಗಳನ್ನು ಸಾಗಿಸುವವನು. ಹಾಗಾಗಿ ಊರವರ ಬಾಯಲ್ಲಿ ಅವನು ಐಸಣ್ಣ, ಅವಳು ಐಸಕ್ಕ. ಹೊರುವುದು ಐಸು, ಉಗುಳುವುದು ಕೆಂಡ ಎಂದು ಮಾರುಕಟ್ಟೆಯ ಹೆಂಗಸರು ಅವನ ಬೆನ್ನ ಹಿಂದೆ ನಗುತ್ತಿದ್ದರು. ತಮ್ಮ ಮೆಕ್ಯಾನಿಕ್. ಗ್ಯಾರೇಜ್ ಎಂದರೆ ಇವರ ಮನೆಯ ಗೋಡೆಗೆ ಒರಗಿಸಿ ಎಬ್ಬಿಸಿದ ಒಂದು ತಗಡಿನ ಮಾಡು, ಅದರ ಕೆಳಗೆ ಒಂದು ಗುಂಡಿ, ಎಣ್ಣೆ ಕುಡಿದು ಕರಿಕಲ್ಲಿನಂತಾದ ನೆಲ, ಮೂರು ಕಾಲಿನ ಒಂದು ಸ್ಟೂಲು. ನಾಲ್ಕನೆಯ ಕಾಲನ್ನು ಹಿಂದೊಮ್ಮೆ ಯಾರೋ ಜಗಳದಲ್ಲಿ ಬಳಸಿಕೊಂಡಿದ್ದರು.

ಇಬ್ಬರ ನಡುವೆ ಬಾನೆಟ್ ತೆರೆದುಕೊಂಡು, ನೀವು ಮುಗಿಸಿ ಆಮೇಲೆ ನಾನು ಮಾತಾಡುತ್ತೇನೆ ಎಂಬಂತೆ ನಿಂತಿದ್ದವಳು ಮುದುಕಿ. ಮುದುಕಿ ಎಂದರೆ ಪಿಕಪ್ ಗಾಡಿ. ಒಂದು ಕಾಲದಲ್ಲಿ ಅದಕ್ಕೆ ನೀಲಿ ಬಣ್ಣವಿತ್ತು. ಐಸಕ್ಕನ ಅಪ್ಪ ತರಕಾರಿ ಸಾಗಿಸುತ್ತಿದ್ದ ಗಾಡಿ ಅದು. ಮದುವೆಗೆ ಮುಂಚೆ ಅವಳು ಅಪ್ಪನ ಪಕ್ಕದಲ್ಲಿ ಕೂತು ಅದರಲ್ಲೇ ಓಡಿಸಲು ಕಲಿತು ಲೈಸೆನ್ಸನ್ನೂ ಪಡೆದಿದ್ದಳು. ಮದುವೆಯಾದ ಮೇಲೆ, "ನಾನಿರೋವಾಗ ನಿನಗ್ಯಾಕೆ ಆ ಕಷ್ಟ" ಎಂದು ಗಂಡ ಸ್ಟೀರಿಂಗ್ ಹಿಡಿದ. ಪ್ರೀತಿಯಿಂದಲೇ ಹೇಳಿದ್ದ. ಪ್ರೀತಿಯಿಂದ ಹಿಡಿದದ್ದನ್ನು ಬಿಡಿಸುವುದು ಕಷ್ಟ, ಅವಳೂ ಸುಮ್ಮನಾಗಿದ್ದಳು.

ಕೆಲವು ತಿಂಗಳಿಂದ ಮುದುಕಿಗೆ ಒಂದು ರೋಗ. ಖಾಲಿ ಓಡಿದರೆ ಚೆನ್ನಾಗಿಯೇ ಓಡುತ್ತಿತ್ತು. ಐಸು ಹೇರಿಕೊಂಡು ಮಾರುಕಟ್ಟೆಯ ದಿಬ್ಬ ಹತ್ತುವಾಗ ಮಾತ್ರ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ, ಬಾನೆಟ್ಟಿನ ಸಂದಿಯಿಂದ ಬುಸುಬುಸು ಹಬೆ ಬಿಟ್ಟುಕೊಂಡು ನಿಂತುಬಿಡುತ್ತಿತ್ತು. ಮುಂದೆ ಎಂಜಿನ್ ಕುದಿಯುತ್ತಿತ್ತು, ಹಿಂದೆ ಐಸು ಕರಗುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ಒಳ್ಳೆಯ ತಮಾಷೆ.

ಮಾರುಕಟ್ಟೆಗೆ ಅದು ತಮಾಷೆಯಾಗಿರಲಿಲ್ಲ. ಮೀನು ಮಾರುವ ಹೆಂಗಸರಿಗೆಲ್ಲ ಹಿರಿಯಳಾದ ದೊಡ್ಡಮ್ಮ ಹಿಂದಿನ ದಿನ ಐಸಣ್ಣನ ಮುಖಕ್ಕೇ ಹೇಳಿ ಕಳಿಸಿದ್ದಳು: "ನೋಡಪ್ಪ, ನನ್ನ ಮೀನು ನಿನ್ನ ಗಾಡಿ ತಣ್ಣಗಾಗೋವರೆಗೆ ಕಾಯಲ್ಲ. ನಾಳೆ ಹರಾಜು ಮುಗಿಯೋದರೊಳಗೆ ಐಸು ಬರಲಿಲ್ಲ ಅಂದ್ರೆ ನಾಡಿದ್ದಿನಿಂದ ಆ ಮುಚ್ಚಿದ ವ್ಯಾನಿನವನಿಗೇ ಬರೋಕೆ ಹೇಳ್ತೀನಿ. ಅವನು ಮಾತೂ ಕಮ್ಮಿ ಆಡ್ತಾನೆ." ಮೀನು ಮಾರುಕಟ್ಟೆ ಕೈತಪ್ಪಿದರೆ ಐಸಣ್ಣ ಯಾರಿಗೆ ಐಸು ಹೊರಬೇಕು? ಐಸಕ್ಕ ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಂಡದ್ದು ಇದಕ್ಕೆ. ಗಂಡನೂ ನಿದ್ದೆ ಮಾಡಿರಲಿಲ್ಲ, ಆದರೆ ಅವನು ಎದ್ದಿದ್ದು ತಮ್ಮನನ್ನು ಬೈಯಲು ಹೊಸ ಮಾತು ಹುಡುಕಿಕೊಂಡು.

"ರೇಡಿಯೇಟರ್ ಬಿಚ್ಚಿ ನೋಡ್ತೀನಿ ಭಾವ," ಎಂದ ತಮ್ಮ. "ಅದೊಂದನ್ನ ನೀವು ಮುಟ್ಟೋಕೆ ಬಿಟ್ಟಿಲ್ಲ."

"ರೇಡಿಯೇಟರ್ ತಂಟೆಗೆ ಬರಬೇಡ. ಅದನ್ನ ತೊಳೆಸಿ ತಂದಿದ್ದೀನಿ."

"ಯಾವಾಗ?"

"ತಂದಿದ್ದೀನಿ ಅಂದೆನಲ್ಲ. ಅದರ ಹೊಟ್ಟೇಲಿರೋ ನೀರು ಎಂಥದು ಗೊತ್ತಾ? ನಿಮ್ಮ ನಲ್ಲಿ ನೀರಲ್ಲ. ಕಾರ್ಖಾನೇಲಿ ಸೋಸಿ ಸೋಸಿ ಐಸು ಮಾಡಿದ ನೀರು. ಈ ಊರಲ್ಲಿ ಮನುಷ್ಯರೇ ಅಂಥ ನೀರು ಕುಡಿಯಲ್ಲ, ನನ್ನ ಗಾಡಿ ಕುಡಿಯುತ್ತೆ. ಅದನ್ನ ಬಿಚ್ಚಿ ಮಣ್ಣಿಗೆ ಚೆಲ್ಲಬೇಕಾ?"

ಇದು ನಿಜ. ತಮ್ಮ ಹಿಂದಿನ ಸಲ ಹೋಸ್ ಪೈಪು ಬದಲಾಯಿಸುವಾಗ ಐಸಣ್ಣ ಬಟ್ಟೆ ನೆನೆಸುವ ಟಬ್ಬನ್ನು ಕೆಳಗೆ ಹಿಡಿದು, ಇಳಿದ ನೀರನ್ನೆಲ್ಲ ಒಂದು ಹನಿ ಬಿಡದೆ ತುಂಬಿಕೊಂಡು ಮತ್ತೆ ಒಳಗೇ ಹುಯ್ದಿದ್ದ. ಟಬ್ಬಿಗೆ ಹಿಡಿದ ಕಂದು ಬಣ್ಣ ಇನ್ನೂ ಹೋಗಿರಲಿಲ್ಲ. ಐಸಕ್ಕ ಎರಡು ಬಿಳಿ ಅಂಗಿಗಳನ್ನು ಅದಕ್ಕೆ ಬಲಿ ಕೊಟ್ಟಿದ್ದಳು.

"ಹಾಗಿದ್ರೆ ನೀವು ಓಡಿಸೋದರಲ್ಲೇ ಏನೋ ಐಬಿದೆ," ಎಂದ ತಮ್ಮ.

ಐಸಣ್ಣ ಜೇಬಿನಿಂದ ಗಾಡಿಯ ಕೀ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ನನ್ನ ತಪ್ಪಿನಿಂದ ಈ ಗಾಡಿ ಕಾಯ್ತಿದೆ ಅಂತ ತೋರಿಸು. ತೋರಿಸಿದ ಗಳಿಗೆಯಿಂದ ನಾನು ಇದರ ಸ್ಟೀರಿಂಗ್ ಮುಟ್ಟಿದ್ರೆ ಕೇಳು. ಸರೀನಾ? ನಿನ್ನ ತಪ್ಪಾದ್ರೆ?"

"ನನ್ನ ತಪ್ಪಾದ್ರೆ ನಾನು ಸ್ಪ್ಯಾನರ್ ಹಿಡಿಯಲ್ಲ. ಅಕ್ಕನೇ ಸಾಕ್ಷಿ."

"ಸಾಕ್ಷಿಯಂತೆ," ಎಂದಳು ಐಸಕ್ಕ. "ಅಲ್ಲಿ ಹರಾಜು ಶುರುವಾಗೋ ಹೊತ್ತಾಯ್ತು. ಇಬ್ರೂ ಗಾಡಿ ಹತ್ತಿ. ನಾನೂ ಬರ್ತೀನಿ."

"ನೀನ್ಯಾಕೆ?" ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

"ಒಬ್ಬ ಇನ್ನೊಬ್ಬನ ಕುತ್ತಿಗೆ ಹಿಸುಕಿದ್ರೆ ಐಸು ತಲುಪಿಸೋಕೆ ಯಾರಾದ್ರೂ ಬೇಕಲ್ಲ."

ಕಾರ್ಖಾನೆಯಲ್ಲಿ ಹಲಗೆಯ ಮೇಲಿಂದ ಐಸ್ ಗಟ್ಟಿಗಳು ಒಂದರ ಹಿಂದೊಂದು ಜಾರಿ ಬಂದವು. ಐಸಣ್ಣ ಗಾಡಿಯ ತಳಕ್ಕೆ ಮರದ ಹೊಟ್ಟು ಹರಡಿದ, ಗಟ್ಟಿಗಳ ಸಂದಿಯಲ್ಲಿ ಹೊಟ್ಟು ತುಂಬಿದ, ಮೇಲೆ ಹೊಟ್ಟು ಸುರಿದ, ಗೋಣಿಚೀಲ ಹೊದಿಸಿ ಹಗ್ಗ ಬಿಗಿದ. ಮಗುವನ್ನು ಮಲಗಿಸುವವನಂತೆ ಅಂಚುಗಳನ್ನು ಒಳಗೆ ಸಿಕ್ಕಿಸಿದ. ಐಸು ಕರಗದಂತೆ ಇಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ, ಅದನ್ನು ಐಸಕ್ಕ ಯಾರ ಎದುರಿಗಾದರೂ ಹೇಳುತ್ತಿದ್ದಳು. ಕೊನೆಗೆ ಅವನು ಹಿಂಬದಿಯ ಹಲಗೆಯ ಮೂಲೆಯಲ್ಲಿ, ಕರಗಿದ ನೀರು ತೊಟ್ಟಿಕ್ಕುವ ಕಡೆ, ಒಂದು ಬಕೆಟ್ ನೇತುಹಾಕಿದ.

"ಅದ್ಯಾಕೆ?" ಎಂದಳು ಐಸಕ್ಕ.

"ಮುದುಕಿಗೆ ಬಾಯಾರಿದಾಗ ಬೇಕಾಗುತ್ತೆ."

ಅವಳು ಅದನ್ನು ಅಷ್ಟಕ್ಕೇ ಬಿಟ್ಟಳು. ತಮ್ಮ ಆಗ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಮುಂದೆ ನಿಂತಿದ್ದ, ಬಕೆಟ್ ನೋಡಲಿಲ್ಲ.

ಮೂವರೂ ಒಂದೇ ಸೀಟಿನಲ್ಲಿ ಕೂತರು. ಸ್ಟೀರಿಂಗ್ ಹಿಂದೆ ಐಸಣ್ಣ, ಕಿಟಕಿಯ ಕಡೆ ತಮ್ಮ, ನಡುವೆ ಗೇರಿನ ಕೋಲನ್ನು ಮೊಣಕಾಲುಗಳ ಮಧ್ಯೆ ಇಟ್ಟುಕೊಂಡು ಐಸಕ್ಕ. ಪ್ರತಿ ಗೇರಿಗೂ ಅವಳು ಒಂದು ಕಡೆಗೆ ಒತ್ತಬೇಕು, ಒಮ್ಮೆ ಗಂಡನ ಕಡೆ, ಒಮ್ಮೆ ತಮ್ಮನ ಕಡೆ. ಮನೆಯಲ್ಲಿ ಮಾಡುವುದೂ ಅದೇ ಎಂದುಕೊಂಡಳು.

ಸಪಾಟು ರಸ್ತೆಯಲ್ಲಿ ಮುದುಕಿ ಹದಿನಾರರ ಹುಡುಗಿಯಂತೆ ಹೋಯಿತು. ಎದುರಿಗೆ ಸೈಕಲ್ಲಿನವನು ಅಡ್ಡ ಬಂದ. ಐಸಣ್ಣ ಕಿಟಕಿಯಿಂದ ತಲೆ ಹಾಕಿ ಅವನ ವಂಶವನ್ನೆಲ್ಲ ಒಂದೇ ಉಸಿರಿನಲ್ಲಿ ವಿಚಾರಿಸಿಕೊಂಡ.

"ಹಾರ್ನ್ ಹೊಡೀಬಾರದಾ?" ಎಂದಳು ಐಸಕ್ಕ.

"ಹಾರ್ನ್ ಕೆಟ್ಟು ಎಷ್ಟು ಕಾಲವಾಯ್ತು. ನನ್ನ ಬಾಯಿ ಇರೋವಾಗ ಅದಕ್ಕೆ ಯಾಕೆ ದಂಡ?"

ಮೂರು ಜೊತೆ ಕಣ್ಣುಗಳು ಒಂದೇ ಮುಳ್ಳನ್ನು ನೋಡುತ್ತಿದ್ದವು. ದಿಬ್ಬದ ಬುಡ ಮುಟ್ಟಿದಾಗ ಅದು ನಡುವಿನಲ್ಲಿತ್ತು. ದಿಬ್ಬದ ನಡುವಿನ ಲಾಂಡ್ರಿಯ ಕಾಂಪೌಂಡಿನ ಗೋಡೆ ಶುರುವಾಗುವ ಕಡೆ ಮುಕ್ಕಾಲಿಗೆ ಬಂತು.

"ಹೀಟರ್ ಹಾಕಿ ಭಾವ," ಎಂದ ತಮ್ಮ.

"ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಈ ಸೆಕೇಲಿ?"

"ಎಂಜಿನ್ನಿನ ಬಿಸಿ ನಮ್ಮ ಕಡೆ ಬಂದ್ರೆ ಅದಕ್ಕೆ ಸ್ವಲ್ಪ ತಣ್ಣಗಾಗುತ್ತೆ. ಹಾಕಿ, ಹೇಳ್ತೀನಿ."

ಐಸಣ್ಣ ಹಲ್ಲು ಕಚ್ಚಿಕೊಂಡು ಗುಂಡಿ ತಿರುಗಿಸಿದ. ಎಷ್ಟೋ ವರ್ಷದ ಧೂಳಿನ ಜೊತೆ ಬಿಸಿಗಾಳಿ ಮೂವರ ಮುಖಕ್ಕೂ ರಪ್ಪನೆ ಬಡಿಯಿತು. ಬೆನ್ನ ಹಿಂದೆ ಗಾಡಿ ತುಂಬ ಐಸು, ಮುಂದೆ ಭಟ್ಟಿ. ಐಸಕ್ಕನ ಗಲ್ಲದಿಂದ ಬೆವರು ತೊಟ್ಟಿಕ್ಕಿ ಗೇರಿನ ಗುಬುಟಿನ ಮೇಲೆ ಬಿತ್ತು. ಮಾತಾಡಲು ಬಾಯಿ ತೆರೆದರೆ ನಾಲಿಗೆ ಒಣಗುತ್ತಿತ್ತು. ಮುಳ್ಳು ಒಂದು ಕೂದಲಿನಷ್ಟು ಇಳಿಯಿತು, ಅಲ್ಲೇ ನಿಂತು ಯೋಚಿಸಿತು, ಆಮೇಲೆ ಯಾರಪ್ಪನ ಮಾತನ್ನೂ ಕೇಳದೆ ಕೆಂಪು ಗೆರೆ ದಾಟಿತು.

ಲಾಂಡ್ರಿಯ ಗೇಟಿನ ಎದುರಿಗೆ ಸರಿಯಾಗಿ ಮುದುಕಿ ಬುಸುಗುಟ್ಟಿ ನಿಂತಿತು, ಎಂಜಿನ್ ಮಾತ್ರ ಓಡುತ್ತಲೇ ಇತ್ತು.

"ನೋಡಿದ್ಯಾ?" ಎಂದ ಐಸಣ್ಣ. ಗಾಡಿ ಕೆಟ್ಟಿತೆಂಬ ಸಂಕಟಕ್ಕಿಂತ ತಮ್ಮನ ಎದುರಿಗೇ ಕೆಟ್ಟಿತೆಂಬ ಸಮಾಧಾನ ಆ ಧ್ವನಿಯಲ್ಲಿ ಹೆಚ್ಚಾಗಿತ್ತು. "ಹೊಸ ಬೆಲ್ಟು, ಹೊಸ ಪಂಪು. ನಿನ್ನ ಕೆಲಸ ನೋಡಿಕೋ. ಇನ್ನು ನನ್ನ ಕೆಲಸ ನೋಡು."

ಅವನು ಕೆಳಗಿಳಿದು ಬಾನೆಟ್ ಎತ್ತಿದ. ಗೋಣಿಚೀಲದ ಒಂದು ತುಂಡನ್ನು ಮಡಿಸಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಮುಖ ಆ ಕಡೆ ತಿರುಗಿಸಿಕೊಂಡು, ಸ್ವಲ್ಪ ಸಡಿಲಿಸಿ, ಹಬೆ ಹೋಗಲು ಬಿಟ್ಟು, ಮತ್ತೆ ಸಡಿಲಿಸಿದ. ಕೈ ಚಳಕದ ಕೆಲಸ, ಅದರಲ್ಲಿ ಸಂಶಯವಿಲ್ಲ. ಹಿಂದೆ ಹೋಗಿ ಬಕೆಟ್ ತಂದ. ಗೋಣಿ ಸರಿಸಿ, ಐಸ್ ಒಡೆಯುವ ಕಬ್ಬಿಣದ ಮೊನೆಯಿಂದ ಗಟ್ಟಿಯ ಮೂಲೆಯನ್ನು ಕುಕ್ಕಿ, ಬೊಗಸೆ ತುಂಬ ಐಸಿನ ಚೂರು ಬಕೆಟ್ಟಿಗೆ ಹಾಕಿ ಕಲಕಿದ. ಆಮೇಲೆ ಎಂಜಿನ್ ಓಡುತ್ತಿರುವಂತೆಯೇ, ಕೂಸಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ, ಮುದುಕಿಯ ಬಾಯಿಗೆ ಹುಯ್ಯತೊಡಗಿದ.

ತಮ್ಮ ಹತ್ತಿರ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಬಗ್ಗಿದವನು ಏಳಲಿಲ್ಲ.

"ಏನು ಹಾಕ್ತಿದ್ದೀರಿ ಭಾವ?"

"ನೀರು."

"ನೀರಿನ ಜೊತೆ?"

"ಐಸು."

"ಐಸಿನ ಜೊತೆ?"

ಐಸಣ್ಣ ಬಕೆಟ್ಟಿನೊಳಗೆ ನೋಡಿದ. ಐಸಕ್ಕನೂ ನೋಡಿದಳು. ನೀರಿನ ಮೇಲೆ ಒಂದು ಬೆರಳು ದಪ್ಪ ಮರದ ಹೊಟ್ಟು ತೇಲುತ್ತಿತ್ತು.

"ಅದು ಹೊಟ್ಟು," ಎಂದ ಐಸಣ್ಣ. "ಐಸು ಅಂದ ಮೇಲೆ ಹೊಟ್ಟು ಇರುತ್ತೆ. ಇಲ್ಲದಿದ್ರೆ ಕರಗುತ್ತೆ."

"ಎಷ್ಟು ದಿವಸದಿಂದ ಹೀಗೆ ಕುಡಿಸ್ತಿದ್ದೀರಿ?"

"ಕಾಯ್ದಾಗೆಲ್ಲ."

"ಮಾರುಕಟ್ಟೇಲಿ ಶರಬತ್ತಿನ ಅಂಗಡಿಗೆ ಐಸು ಕೊಡುವಾಗ ತೊಳೆದು ಕೊಡ್ತೀರಲ್ರೀ," ಎಂದಳು ಐಸಕ್ಕ.

"ಅದು ಮನುಷ್ಯರು ಕುಡಿಯೋದು. ಬಾಯಿಗೆ ಸಿಕ್ಕಿದ್ರೆ ಉಗೀತಾರೆ. ಗಾಡಿಗೇನು, ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತಾ?"

ತಮ್ಮ ನೆಲದ ಮೇಲೆ ಕುಳಿತುಬಿಟ್ಟ. ಮೊದಲು ಅಳುತ್ತಿದ್ದಾನೆ ಎಂದುಕೊಂಡಳು ಐಸಕ್ಕ. ಭುಜ ಕುಣಿಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆಮೇಲೆ ಸದ್ದು ಬಂತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಟಯರಿಗೆ ತಲೆ ಆನಿಸಿ ನಕ್ಕ, ಎದ್ದು ನಿಲ್ಲಲು ಹೋಗಿ ಐಸಣ್ಣನ ಮುಖ ಕಂಡು ಮತ್ತೆ ಕುಸಿದು ನಕ್ಕ. "ಸಿಕ್ಕಿಕೊಳ್ಳುತ್ತೆ ಭಾವ," ಎಂದ ಕಣ್ಣು ಒರೆಸಿಕೊಂಡು. "ಸಿಕ್ಕಿಕೊಂಡೇ ಇದೆ. ರೇಡಿಯೇಟರಿನೊಳಗೆ ಇರೋದೆಲ್ಲ ಸಣ್ಣ ಸಣ್ಣ ಸಂದೀನೇ."

"ಬಾಯಲ್ಲಿ ಹೇಳಬೇಡ. ತೋರಿಸು."

ಎಂಜಿನ್ ನಿಲ್ಲಿಸಿ, ಕೈ ಇಡುವಷ್ಟು ಆರಿದ ಮೇಲೆ, ತಮ್ಮ ಕೆಳಗೆ ತೂರಿ ರೇಡಿಯೇಟರಿನ ಬುಡದ ಬಿರಡೆ ತಿರುಗಿಸಿದ. ಬಿರಡೆ ಬಂತು, ನೀರು ಬರಲಿಲ್ಲ. ಒಂದು ತಂತಿಯ ತುಂಡು ಒಳಗೆ ತೂರಿಸಿ ಆಡಿಸಿದ. ಆಗ ಪಿಚಕ್ಕೆಂದು, ದನಕ್ಕೆ ಕಲಸಿದ ಬೂಸದಂಥದು, ಮುದ್ದೆ ಮುದ್ದೆಯಾಗಿ ರಸ್ತೆಗೆ ಬಿತ್ತು. ಹಸಿ ಮರದ ವಾಸನೆ ಬಂತು. ಬಡಗಿಯ ಅಂಗಡಿಯ ಮುಂದೆ ನಿಂತಂತಾಯಿತು ಐಸಕ್ಕನಿಗೆ.

"ತುಕ್ಕು," ಎಂದ ಐಸಣ್ಣ.

"ಮೂಸಿ ನೋಡಿ."

ಐಸಣ್ಣ ಮೂಸಲಿಲ್ಲ.

ಐಸಕ್ಕ ತಮ್ಮನ ಕಡೆ ತಿರುಗಿದಳು. "ನೀನೇನು ದೊಡ್ಡ ಸಾಚಾ ಥರ ನಗ್ತಿದ್ದೀಯ? ಪೈಪು ಬಿಚ್ಚಿದಾಗ ಟಬ್ಬಿನ ತುಂಬ ಕಂದು ನೀರು ಬಂತಲ್ಲ, ಆಗ ಕಣ್ಣು ಎಲ್ಲಿಟ್ಟಿದ್ದೆ?"

ತಮ್ಮನ ನಗು ನಿಂತಿತು. ತಲೆ ಕೆರೆದುಕೊಂಡ. "ತುಕ್ಕು ಅಂದುಕೊಂಡೆ ಅಕ್ಕ. ನೋಡಬೇಕಿತ್ತು. ತಪ್ಪಾಯ್ತು." ಭಾವನ ಕಡೆ ನೋಡಿ ಅದನ್ನೇ ಇನ್ನೊಮ್ಮೆ ಹೇಳಿದ. "ನನ್ನದೂ ತಪ್ಪಿದೆ ಭಾವ."

ಎಷ್ಟು ಸಲೀಸಾಗಿ ಹೇಳಿಬಿಟ್ಟನೆಂದರೆ, ಕೆಮ್ಮಿದಷ್ಟು ಸಲೀಸು. ಐಸಕ್ಕ ಗಂಡನ ಮುಖ ನೋಡಿದಳು. ತಮ್ಮ ಹೇಳದೆ ಇದ್ದಿದ್ದರೆ ಇವನು ಹೇಳುತ್ತಿದ್ದನೇನೋ. ಈಗ ಇವನು ಹೇಳಿದರೆ ಎರಡನೆಯವನಾಗಬೇಕು. ಎರಡನೆಯವನಾಗುವುದು ಅವನ ಜಾತಕದಲ್ಲೇ ಇರಲಿಲ್ಲ.

"ಅದೆಲ್ಲ ಆಮೇಲೆ," ಎಂದಳು. "ಇದನ್ನ ಈಗ ಸರಿಮಾಡೋಕೆ ಆಗುತ್ತಾ, ಇಲ್ವಾ? ಅಲ್ಲಿ ಹರಾಜು ಕೂಗ್ತಿರ್ತಾರೆ."

"ಬಿಚ್ಚಿ ಹಿಂದುಮುಂದಾಗಿ ನೀರು ಹೊಡೆಯಬೇಕು. ಜೋರಾದ ನೀರು ಬೇಕು."

ಜೋರಾದ ನೀರು ಗೋಡೆಯ ಆಚೆಗೇ ಇತ್ತು. ಲಾಂಡ್ರಿಯ ಅಂಗಳದಲ್ಲಿ ಹೋಟೆಲುಗಳ ಬಿಳಿ ಹಾಸಿಗೆ ಹೊದಿಕೆಗಳು ಸಾಲುಸಾಲಾಗಿ ಹಗ್ಗದ ಮೇಲೆ ಒಣಗುತ್ತಿದ್ದವು, ಮೂಲೆಯಲ್ಲಿ ಮೋಟಾರಿಗೆ ಜೋಡಿಸಿದ ದಪ್ಪ ಪೈಪು. ಲಾಂಡ್ರಿಯ ಒಡತಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಹೊರಗೆ ಬಂದಳು. ಐಸಣ್ಣನನ್ನು ಕಂಡು ಅವಳ ಮುಖ ಗಂಟಾಯಿತು. ತಿಂಗಳುಗಟ್ಟಲೆ ಅವಳ ಗೇಟಿಗೇ ಅಡ್ಡವಾಗಿ ಗಾಡಿ ನಿಲ್ಲಿಸಿ, ಸರಿಸಪ್ಪ ಎಂದವಳಿಗೇ ಎದುರು ಬೈದವನು ಅವನು. ಐಸಕ್ಕ ಮುಂದೆ ಹೋಗಿ ಕೈ ಹಿಡಿದುಕೊಂಡು, "ಅಕ್ಕಾ, ಇವತ್ತೊಂದು ದಿವಸ ನೀರು ಕೊಟ್ಟುಬಿಡು. ಸರಿಹೋದ್ರೆ ಈ ಮುದುಕಿ ನಿನ್ನ ಗೇಟಿನ ಮುಂದೆ ಇನ್ನು ನಿಲ್ಲಲ್ಲ," ಎಂದಳು. ಅದೊಂದು ಆಸೆಗೆ ಅವಳು ಒಪ್ಪಿದಳು. "ಅವರು ಮಾತ್ರ ಒಳಗೆ ಬರಬಾರದು," ಎಂದು ಐಸಣ್ಣನ ಕಡೆ ಬೆರಳು ತೋರಿಸಿದಳು.

ಬರಬಾರದು ಎಂದರೆ ಬಾರದೆ ಇರುವವನೇ ಅವನು?

ತಮ್ಮ ಬೋಲ್ಟುಗಳನ್ನು ಬಿಚ್ಚಿ ರೇಡಿಯೇಟರನ್ನು ಹೊರಗೆಳೆದು ಅಂಗಳದ ಕಲ್ಲಿಗೆ ಒರಗಿಸಿದ. ಪೈಪನ್ನು ಕೆಳಗಿನ ಬಾಯಿಗೆ ಹಿಡಿದು, ಬಟ್ಟೆ ಸುತ್ತಿ, "ನಿಧಾನಕ್ಕೆ ಬಿಡಕ್ಕ," ಎಂದ. ಒಡತಿ ಮೋಟಾರು ಹಾಕಿದಳು. ಒಳಗೆ ಗೊರಗೊರ ಸದ್ದಾಯಿತು. ಮೇಲಿನ ಬಾಯಿಯಿಂದ ಒಂದು ಹನಿಯೂ ಬರಲಿಲ್ಲ.

"ನೋಡಿ, ಏನೂ ಇಲ್ಲ ಅದರಲ್ಲಿ," ಎನ್ನುತ್ತ ಐಸಣ್ಣ ಒಳಗೇ ಬಂದು, ಸರಿಯಾಗಿ ಅದರ ಮೇಲಿನ ಬಾಯಿಗೆ ಬಗ್ಗಿ ಒಳಗೆ ಇಣುಕಿದ.

ತಿಂಗಳುಗಟ್ಟಲೆ ಅವನು ಮುದುಕಿಗೆ ಕುಡಿಸಿದ್ದನ್ನು ಮುದುಕಿ ಒಂದೇ ಸಲಕ್ಕೆ ಹಿಂತಿರುಗಿಸಿತು. ಹೊಟ್ಟು, ಕಂದು ನೀರು, ಗೋಣಿಯ ನಾರು, ಒಂದೆರಡು ಮೀನಿನ ಹುರುಪೆ ಕೂಡ. ಅರ್ಧ ಅವನ ಮುಖದ ಮೇಲೆ, ಉಳಿದರ್ಧ ಅವನನ್ನು ದಾಟಿಕೊಂಡು ಹೋಗಿ ಮೊದಲ ಸಾಲಿನ ಬಿಳಿ ಹೊದಿಕೆಗಳ ಮೇಲೆ. ಅವನ ತಲೆ ಅಡ್ಡವಾದ ಕಡೆ, ಅದರ ಆಕಾರದಷ್ಟು ಜಾಗ ಮಾತ್ರ ಹೊದಿಕೆಯ ಮೇಲೆ ಬಿಳಿಯಾಗಿ ಉಳಿಯಿತು.



ಆಮೇಲೆ ಲಾಂಡ್ರಿಯ ಒಡತಿ ಬಾಯಿ ಬಿಟ್ಟಳು. ಐಸಣ್ಣ ಇಷ್ಟು ವರ್ಷ ರಸ್ತೆಯಲ್ಲಿ ಬೈದದ್ದೆಲ್ಲ ಅವಳ ಮುಂದೆ ಎಳೆಮಗುವಿನ ತೊದಲು. ಅವನು ಕಣ್ಣಿನ ಹೊಟ್ಟು ತೆಗೆದುಕೊಳ್ಳುತ್ತ ಎದುರು ಉತ್ತರಕ್ಕೆ ತಡಕಾಡಿದ. ಬಾಯಿ ತೆರೆದರೆ ಹೊಟ್ಟು ಒಳಗೆ ಹೋಗುತ್ತಿತ್ತು. ಉಗಿದ. ಮನುಷ್ಯರಾದರೆ ಉಗಿಯುತ್ತಾರೆ ಎಂದು ಅವನೇ ಹೇಳಿದ್ದನಲ್ಲ. ತಮ್ಮ ಮುಖ ಆ ಕಡೆ ತಿರುಗಿಸಿ ರೇಡಿಯೇಟರನ್ನೇ ಶ್ರದ್ಧೆಯಿಂದ ನೋಡುತ್ತಿದ್ದ. ಅವನ ಬೆನ್ನು ಮಾತ್ರ ನಡುಗುತ್ತಿತ್ತು.

ಐಸಕ್ಕ ಓಡಿಹೋಗಿ ಗಾಡಿಯಿಂದ ದೊಡ್ಡದೊಂದು ಐಸಿನ ತುಂಡು ಒಡೆದು ತಂದಳು. ಅದನ್ನು ನಲ್ಲಿಯ ಕೆಳಗೆ ಹಿಡಿದು, ಒಂದು ಎಳೆ ಹೊಟ್ಟೂ ಉಳಿಯದಂತೆ, ಗಂಡನಿಗೆ ಕಾಣುವಂತೆ, ತಿಕ್ಕಿ ತಿಕ್ಕಿ ತೊಳೆದು ಒಡತಿಯ ಕುಡಿಯುವ ನೀರಿನ ಕೊಡಕ್ಕೆ ಹಾಕಿದಳು. "ಹೊದಿಕೆಗಳನ್ನ ನಾನೇ ಸಂಜೆ ಬಂದು ಒಗೆದು ಹಾಕ್ತೀನಿ," ಎಂದಳು. ಒಡತಿ ಒಂದು ಲೋಟ ತಣ್ಣೀರು ಕುಡಿದು ಸ್ವಲ್ಪ ತಣ್ಣಗಾದಳು. "ನೀನಾದ್ರೆ ಬಾ. ಅವರು ಬೇಡ," ಎಂದಳು.

ಮೇಲಿನ ಬಾಯಿಯಿಂದ ಕನ್ನಡಿಯಂಥ ನೀರು ಧಾರೆಯಾಗಿ ಬರುವವರೆಗೂ ತಮ್ಮ ಬಿಡಲಿಲ್ಲ. ಎಂಜಿನ್ನಿನ ಒಳದಾರಿಗೂ ಪೈಪು ಹಿಡಿದು ತೊಳೆದ. ಎಲ್ಲ ಜೋಡಿಸಿ, ಲಾಂಡ್ರಿಯ ನಲ್ಲಿ ನೀರನ್ನೇ ತುಂಬಿಸಿ, ಮುಚ್ಚಳ ಬಿಗಿದ. "ಎಂಜಿನ್ ಹಾಕು," ಎಂದ. ಯಾರಿಗೆ ಹೇಳಿದ ಎಂದು ಅವನಿಗೇ ಗೊತ್ತಿರಲಿಲ್ಲ. ಐಸಣ್ಣ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಕಿವಿಯೊಳಗಿನ ಹೊಟ್ಟು ತೆಗೆಯುತ್ತಿದ್ದ. ಕೀ ಗಾಡಿಯಲ್ಲೇ ಇತ್ತು. ಐಸಕ್ಕ ಹತ್ತಿ ಎಂಜಿನ್ ಶುರುಮಾಡಿ ಆಕ್ಸಿಲರೇಟರ್ ಒತ್ತಿ ಹಿಡಿದಳು. ಮೂರು ಜೊತೆ ಕಣ್ಣುಗಳಲ್ಲಿ ಈಗ ಎರಡು ಜೊತೆ ಮುಳ್ಳಿನ ಮೇಲಿದ್ದವು. ಮುಳ್ಳು ಏರಿತು, ನಡುವಿಗೆ ಬಂತು, ಊಟವಾದ ಮೇಲೆ ಒರಗಿಕೊಂಡವರಂತೆ ಅಲ್ಲೇ ಒರಗಿತು. ಎಷ್ಟು ಒತ್ತಿದರೂ ಅಲ್ಲಿಂದ ಮೇಲೇಳಲಿಲ್ಲ.

"ಆಯ್ತು," ಎಂದ ತಮ್ಮ. "ಹೊರಡೋಣ. ಹರಾಜು ಮುಗಿಯೋದರೊಳಗೆ ಮುಟ್ಟಬಹುದು."

ಐಸಕ್ಕ ಎಂಜಿನ್ ಓಡುತ್ತಿರುವಂತೆಯೇ ಕೆಳಗಿಳಿದು ಗಂಡನ ಮುಂದೆ ಹೋಗಿ ನಿಂತಳು.

"ಬನ್ನಿ. ಹತ್ತಿ."

"ಯಾವ ಕಡೆ?" ಎಂದ ಅವನು.

"ನೀವು ಯಾವಾಗಲೂ ಹತ್ತೋ ಕಡೆ."

ಐಸಣ್ಣ ಗಾಡಿಯ ಆಚೆ ನಿಂತ ಭಾಮೈದನನ್ನು ನೋಡಿದ. ಅವನು ಏನಾದರೂ ಕುಚೋದ್ಯ ಮಾಡಿದ್ದರೆ ಒಂದು ಜಗಳವಾಗಿ, ಆ ಜಗಳದ ಗಾಳಿಯಲ್ಲಿ ಐಸಣ್ಣ ಸೀಟಿಗೆ ಹತ್ತಿಬಿಡುತ್ತಿದ್ದನೇನೋ. ಆದರೆ ಆ ದಿನ, ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಸುಮ್ಮನೆ ಸ್ಪ್ಯಾನರ್ ಒರೆಸುತ್ತ ನಿಂತಿದ್ದ.

"ಮಾತು ಅಂದ್ರೆ ಮಾತು," ಎಂದ ಐಸಣ್ಣ.

"ಅವನೂ ಮಾತು ಕೊಟ್ಟಿದ್ದ. ತಪ್ಪಾಯ್ತು ಅಂದ, ಸ್ಪ್ಯಾನರ್ ಹಿಡಿದ. ನೀವೂ ಒಂದು ಮಾತು ಅನ್ನಿ, ಸ್ಟೀರಿಂಗ್ ಹಿಡೀರಿ. ಯಾರು ಕೇಳ್ತಾರೆ? ಇಲ್ಲಿ ನಾವೇ ಇರೋದು."

ಐಸಣ್ಣ ಬಾಯಿ ತೆರೆದ. ಅವಳು ಕಾದಳು. ಇನ್ನೇನು ಬಂತು ಎಂದುಕೊಂಡಳು.

"ಆ ಮರ ಕುಯ್ಯೋನು," ಎಂದ ಅವನು, "ಹೊಟ್ಟನ್ನ ಅಷ್ಟು ಸಣ್ಣಗೆ ಕುಯ್ಯಬಾರದಿತ್ತು."

ಆಚೆಯಿಂದ ತಮ್ಮ ಫಕ್ಕನೆ ನಕ್ಕುಬಿಟ್ಟ. ಪಾಪ, ತಡೆದುಕೊಂಡೇ ನಿಂತಿದ್ದ. ಅಷ್ಟೇ ಸಾಕಾಯಿತು. ಐಸಣ್ಣ ಎದ್ದ. ಹೆಗಲ ಮೇಲಿನ ಹೊಟ್ಟು ಕೊಡವಿಕೊಂಡ. "ನೀವು ಹೋಗಿ. ನಾನು ನಡ್ಕೊಂಡು ಬರ್ತೀನಿ," ಎಂದು ಹೆಂಡತಿಯ ಮುಖ ನೋಡದೆ ಹೇಳಿ, ದಿಬ್ಬದ ಕೆಳಗಿನ ಕಡೆ ನಡೆಯತೊಡಗಿದ. ಮಾರುಕಟ್ಟೆ ಇದ್ದದ್ದು ಮೇಲಿನ ಕಡೆ.

"ಅಕ್ಕ, ಹೊತ್ತಾಗುತ್ತೆ," ಎಂದ ತಮ್ಮ. ಅವನಿಗೆ ಗಾಡಿ ಬಿಚ್ಚಲು ಬರುತ್ತಿತ್ತೇ ಹೊರತು ಓಡಿಸುವಂತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯ ದಿನ ಅಧಿಕಾರಿ ಕೂತ ಕುರ್ಚಿಗೇ ಗಾಡಿ ತಾಗಿಸಿ ಬಂದವನು ಅವನು, ಮತ್ತೆ ಆ ಕಡೆ ಹೋಗಿರಲಿಲ್ಲ. ಐಸಕ್ಕ ಹತ್ತಿ ಸ್ಟೀರಿಂಗ್ ಹಿಡಿದಳು. ಅಪ್ಪನ ಕೈಯ ಸವೆತ ಇನ್ನೂ ಅದರ ಮೇಲಿತ್ತು, ಅದರ ಮೇಲೆ ಗಂಡನ ಕೈಯ ಸವೆತ.

ಕನ್ನಡಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ತಲೆಯ ಹಿಂದೆ ಹೊಟ್ಟು ಮೆತ್ತಿಕೊಂಡಿತ್ತು. ನಿಧಾನವಾಗಿಯೇ ನಡೆಯುತ್ತಿದ್ದ, ಕರೆದರೆ ಕೇಳಿಸುವಷ್ಟು ನಿಧಾನವಾಗಿ. ಕರೆಯಲು ಅವಳ ಬಾಯಿಗೇನಾಗಿತ್ತು ಎಂದರೆ, ಏನೂ ಆಗಿರಲಿಲ್ಲ. ಆದರೆ ಇಷ್ಟು ವರ್ಷ ಕರೆದವಳು ಅವಳೇ, ಸಮಾಧಾನ ಮಾಡಿದವಳು ಅವಳೇ. ಇವತ್ತೊಂದು ದಿನ ನಾಲಿಗೆ ಏಳಲಿಲ್ಲ. ಹಾರ್ನ್ ಹೊಡೆಯೋಣ, ಅದು ಕರೆದ ಹಾಗೂ ಆಗುವುದಿಲ್ಲ, ಬಿಟ್ಟ ಹಾಗೂ ಆಗುವುದಿಲ್ಲ ಎಂದುಕೊಂಡು ಸ್ಟೀರಿಂಗಿನ ನಡುವೆ ಅಂಗೈ ಒತ್ತಿದಳು. ಸದ್ದಿಲ್ಲ. ಇನ್ನೊಮ್ಮೆ, ಮೈಯ ಭಾರ ಹಾಕಿ ಒತ್ತಿದಳು.

"ಅದಕ್ಕೆ ವೈರೇ ಇಲ್ಲ ಅಕ್ಕ," ಎಂದ ತಮ್ಮ ಮೆಲ್ಲಗೆ.

ಐಸಣ್ಣ ತಿರುವಿನಲ್ಲಿ ಮರೆಯಾದ. ಅವಳು ಗೇರು ಹಾಕಿದಳು.

ಮುದುಕಿ ಒಂದೇ ಉಸಿರಿನಲ್ಲಿ ದಿಬ್ಬ ಹತ್ತಿತು. ಮುಳ್ಳು ಅಲುಗಲಿಲ್ಲ. ಮಾರುಕಟ್ಟೆಯಲ್ಲಿ ಕೊನೆಯ ಬುಟ್ಟಿಯ ಹರಾಜು ಇನ್ನೂ ನಡೆಯುತ್ತಿತ್ತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು, ಹಬೆಯಿಲ್ಲದ ಬಾನೆಟ್ಟನ್ನೂ ಸ್ಟೀರಿಂಗಿನ ಹಿಂದೆ ಕೂತವಳನ್ನೂ ಒಂದೊಂದು ಸಲ ನೋಡಿದಳು. "ಪರವಾಗಿಲ್ಲ, ವ್ಯಾನಿನವನಿಗೆ ಬರಬೇಡ ಅಂತೀನಿ," ಎಂದಳು. "ನಿನ್ನ ಯಜಮಾನರು ಎಲ್ಲಿ?"

"ನಡ್ಕೊಂಡು ಬರ್ತಿದ್ದಾರೆ," ಎಂದಳು ಐಸಕ್ಕ.

ವಾಪಸು ಬರುವಾಗ ದಿಬ್ಬದ ಉದ್ದಕ್ಕೂ ಮೊದಲ ಗೇರಿನಲ್ಲೇ ಇಳಿದಳು. ಕಿಟಕಿಯ ಕಡೆ ಕೂರುತ್ತಿದ್ದ ತಮ್ಮನನ್ನು ನಡುವಿಗೆ ಸರಿಸಿ ಆ ಜಾಗ ಖಾಲಿ ಬಿಟ್ಟಿದ್ದಳು. ಲಾಂಡ್ರಿಯ ಗೇಟಿನ ಹತ್ತಿರ ಬಕೆಟ್ ಇಟ್ಟಲ್ಲೇ ಇತ್ತು, ಅದರಲ್ಲಿನ ಐಸು ಕರಗಿ ಹೊಟ್ಟು ತಳಕ್ಕೆ ಇಳಿದಿತ್ತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ. ತಿರುವಿನಾಚೆಯೂ ಇರಲಿಲ್ಲ. ಮನೆಯಲ್ಲೂ ಇರಲಿಲ್ಲ. ಸಂಜೆ ಹೊದಿಕೆ ಒಗೆಯಲು ಹೋದಾಗ ಲಾಂಡ್ರಿಯ ಒಡತಿ ಕೇಳಿದಳು, ಮರುದಿನ ಐಸ್ ಕಾರ್ಖಾನೆಯವರು ಕೇಳಿದರು, ತಮ್ಮ ಹಾರ್ನಿಗೆ ಹೊಸ ವೈರು ಎಳೆಯುತ್ತ ದಿನಾ ಕೇಳಿದ. ಎಲ್ಲರಿಗೂ ಅವಳು ಅದನ್ನೇ ಹೇಳಿದಳು. ಈಗ ಮುದುಕಿ ಎಂಜಿನ್ ತಂಪಿಡುವ ಹಸಿರು ಬಣ್ಣದ ಕೂಲೆಂಟ್ ಕುಡಿದುಕೊಂಡು ತಣ್ಣಗೆ ದಿಬ್ಬ ಹತ್ತುತ್ತದೆ, ಆ ತಿರುವಿನಲ್ಲಿ ಐಸಕ್ಕ ಪ್ರತಿದಿನ ಜೋರಾಗಿ ಹಾರ್ನ್ ಹೊಡೆಯುತ್ತಾಳೆ, ಅಡ್ಡ ಯಾರೂ ಇಲ್ಲದಿದ್ದರೂ. ಯಾರಾದರೂ ಯಜಮಾನರೆಲ್ಲಿ ಎಂದು ಕೇಳಿದರೆ ಇಂದಿಗೂ ಅವಳದು ಅದೇ ಉತ್ತರ:

"ನಡ್ಕೊಂಡು ಬರ್ತಿದ್ದಾರೆ."